ಟಗರು ಮಾರಿ ತಂದ ಬೆಂಕಿ

ಖಂಡಪ್ಪ ಕುರಿ ಹೊಡೆದುಕೊಂಡು ಡೋಣಿ ನದಿಯ ಆಚೆಗೆ ಹೋದದ್ದು ದೀಪಾವಳಿ ಮುಗಿದ ಮೂರನೆಯ ದಿನ. ಬಬಲೇಶ್ವರಕ್ಕೆ ತಿರುಗಿ ಬಂದದ್ದು ಹೋಳಿ ಹುಣ್ಣಿಮೆಯ ಮಧ್ಯಾಹ್ನ. ನಡುವಿನ ನಾಲ್ಕು ತಿಂಗಳು ಕಂಡವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ, ಅವರು ಅಳೆದುಕೊಟ್ಟ ಜೋಳ ಕಟ್ಟಿಕೊಂಡು, ಒಣಗಿದ ರೊಟ್ಟಿ ಕಡಿದು ಕಡಿದು ಅವನ ದವಡೆ ಸವೆದುಹೋಗಿತ್ತು. ಹೀಗೆ ಬಂದ ಮನುಷ್ಯ ಕಾಲಿಗೆ ನೀರು ಹಾಕಿಕೊಂಡು, ಹೆಂಡತಿ ಕೈಯ ಬಿಸಿ ರೊಟ್ಟಿ ಎರಡು ತಿಂದು, ಆಮೇಲೆ ಜಗಳಕ್ಕೆ ಕೂತರೆ ಚಂದ. ಖಂಡಪ್ಪನದು ಉಲ್ಟಾ. ಕುರಿಗಳನ್ನು ಹಟ್ಟಿಯಲ್ಲಿ ಕೂಡಿದವನೇ ನೇರ ಹಿತ್ತಲಿಗೆ ನಡೆದ. ಬೇವಿನ ಗಿಡದ ಕೆಳಗೆ ಕಟ್ಟಿಹೋಗಿದ್ದ ಎರಡು ಟಗರು ಅಲ್ಲಿರಲಿಲ್ಲ. ಟಗರು ಹಾಳಾಗಿ ಹೋಗಲಿ, ಕಟ್ಟಿದ ಗೂಟವೂ ಇರಲಿಲ್ಲ. ಗೂಟವಿದ್ದ ಜಾಗದಲ್ಲಿ ಬಾವಿಯಂಥ ಒಂದು ಗುಂಡಿ, ಗುಂಡಿಯ ಬಾಯಿಗೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡ್ರಮ್ಮು.

"ನನ್ನ ಟಗರು ಎಲ್ಲಿ ಅದಾವ?" ಎಂದು ಕೇಳಿದ.

ತಮ್ಮ ಸಿದ್ದರಾಯ ಅಲ್ಲೇ ಎಮ್ಮೆಗೆ ಕಣಿಕೆ ಹಾಕುತ್ತಿದ್ದ. ಅವನು ತಲೆ ತಗ್ಗಿಸಿ ಇನ್ನೊಂದು ಹಿಡಿ ಹಾಕಿದ. ತಾಯಿ ಬೋರವ್ವ ಮಾತ್ರ ಬಾಗಿಲಲ್ಲಿ ನಿಂತು, ಗದ್ದದಿಂದಲೇ ಡ್ರಮ್ಮು ತೋರಿಸಿದಳು.

"ಅಲ್ಲೇ ಅದಾವ ನೋಡಪಾ. ಎರಡೂ ಕೂಡಿ ಗುಂಡ್ಯಾಗ ಕುಂತಾವ."

ಆ ಟಗರುಗಳನ್ನು ಖಂಡಪ್ಪ ಮರಿಯಿದ್ದಾಗಿನಿಂದ ಹುರುಳಿ ತಿನ್ನಿಸಿ ಬೆಳೆಸಿದ್ದ. ಹೋಗುವಾಗ ಹೆಂಡತಿಗೆ ಮಕ್ಕಳ ಬಗ್ಗೆ ಹೇಳಿದ್ದಕ್ಕಿಂತ ಟಗರುಗಳ ಬಗ್ಗೆ ಹೇಳಿದ್ದೇ ಹೆಚ್ಚು. ಈಗ ಅವು ಕಬ್ಬಿಣವಾಗಿ ಕೂತಿವೆ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅವನು ಕೂಗಾಡಲಿಲ್ಲ. ಹೆಗಲ ಮೇಲಿನ ಕಂಬಳಿ ತೆಗೆದು ಕಟ್ಟೆಯ ಮೇಲೆ ಒಗೆದು, ಯಾರು ಮಾರಿದ್ದು, ಯಾರನ್ನು ಕೇಳಿ ಮಾರಿದ್ದು ಎಂದು ಒಂದೊಂದಾಗಿ ವಿಚಾರಿಸಿದ. ಅಪ್ಪ ಅಮೋಘಿ ಮುದುಕ ಕೆಮ್ಮಿ, ತಾನೇ ಹೂಂ ಅಂದದ್ದು ಎಂದು ಒಪ್ಪಿಕೊಂಡ.

ನಡೆದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಅದು ಎಪ್ಪತ್ತಾರನೆಯ ಇಸವಿ. ಎರಡು ವರ್ಷದಿಂದ ಸೀಮೆಎಣ್ಣೆಗೆ ಬೆಂಕಿ ಬಿದ್ದಿತ್ತು. ರೇಶನ್ ಅಂಗಡಿಯ ಮುಂದೆ ಜನ ನಿಲ್ಲುತ್ತಿರಲಿಲ್ಲ, ಬರೀ ಡಬ್ಬಿಗಳು ಸಾಲು ನಿಂತಿರುತ್ತಿದ್ದವು. ಸಿದ್ದರಾಯನ ಹೆಂಡತಿ ಸತ್ಯವ್ವ ವಿಜಾಪುರದ ಜೋರಾಪುರ ಪೇಟೆಯಲ್ಲಿ ಹುಟ್ಟಿದವಳು. ತವರಿನಲ್ಲಿ ಪಂಪಿನ ಸ್ಟೋವಿನ ಮೇಲೆ ಅಡಿಗೆ ಮಾಡಿ ರೂಢಿ. ಮದುವೆಯಲ್ಲಿ ಸ್ಟೋವೂ ಜೊತೆಗೇ ಬಂದಿತ್ತು. ಎಣ್ಣೆಯಿಲ್ಲದ ಸ್ಟೋವು ನಾಗೊಂದಿಗೆಯ ಮೇಲೆ ಕೂತಿತು, ಸತ್ಯವ್ವ ಒಲೆಯ ಮುಂದೆ ಕೂತಳು. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು. ಮಳೆಗಾಲದಲ್ಲಿ ಎಲ್ಲವೂ ಹಸಿ. ಊದಿ ಊದಿ ಅವಳಿಗೆ ಕೆಮ್ಮು ಹತ್ತಿತು. ಕಣ್ಣೊರೆಸಿಕೊಂಡು ಎದ್ದು ಹೊರಗೆ ಬಂದರೆ ಹಿರಿಸೊಸೆ ರಾಚವ್ವ, ಪ್ಯಾಟಿ ಮಂದಿಗೆ ಹೊಗೆಯೂ ದೃಷ್ಟಿ ಹಾಕುತ್ತದೆ ಎಂದು ಚುಚ್ಚುವಳು. ಒಂದು ದಿನ ಚುಚ್ಚಿದ್ದು ಆಳಕ್ಕೆ ಹೋಗಿ, ತನಗೆ ಬೇರೆ ಒಲೆ ಹಾಕಿಕೊಡಿ ಎಂದು ಸತ್ಯವ್ವ ಗಂಡನಿಗೆ ಹೇಳಿದಳು. ಬೇರೆ ಒಲೆ ಎಂದರೆ ಬೇರೆ ಮನೆ. ಆ ಮಾತನ್ನು ನಮ್ಮ ಕಡೆ ಯಾರೂ ಸುಮ್ಮನೆ ಆಡುವುದಿಲ್ಲ.

ಸಿದ್ದರಾಯ ಹೆದರಿದ. ಆ ವಾರವೇ ಹೋರಿ ನೋಡಲು ತಿಕೋಟಾಕ್ಕೆ ಹೋದವನು ಅಲ್ಲಿ ಒಬ್ಬ ರೈತನ ಮನೆಯಲ್ಲಿ ಗೋಬರ್ ಗ್ಯಾಸು ನೋಡಿದ. ಸೆಗಣಿಯನ್ನು ನೀರಲ್ಲಿ ಕಲಸಿ ಗುಂಡಿಗೆ ಬಿಡುವುದು, ಗುಂಡಿಯಲ್ಲಿ ಅದು ಕೊಳೆತು ಗಾಳಿ ಹುಟ್ಟುವುದು, ಆ ಗಾಳಿ ಡ್ರಮ್ಮನ್ನು ಮೇಲೆತ್ತುವುದು, ನಳಿಗೆಯಲ್ಲಿ ಹಾದು ಅಡಿಗೆಮನೆಗೆ ಬಂದು ನೀಲಿ ಉರಿಯಾಗುವುದು. ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ. ಸಿದ್ದರಾಯ ಹೋರಿ ನೋಡುವುದನ್ನು ಮರೆತು ಬಂದ. ಗ್ರಾಮಸೇವಕನನ್ನು ಹಿಡಿದು ಸರಕಾರದ ಸಹಾಯಧನಕ್ಕೆ ಅರ್ಜಿ ಹಾಕಿದ. ಅದು ಸಾಲದಾದಾಗ ಟಗರುಗಳ ಮೇಲೆ ಕಣ್ಣು ಬಿತ್ತು. ವಿಜಾಪುರದಿಂದ ಡ್ರಮ್ಮು ಲಾರಿಯಲ್ಲಿ ಬಂದ ದಿನ ಓಣಿಯ ಹುಡುಗರೆಲ್ಲ ಅದನ್ನು ಬಡಿದು ಬಡಿದು ಊರಿಗೆ ಸುದ್ದಿ ಮಾಡಿದರು. ಒಂದು ತಿಂಗಳಿಂದ ಮನೆಯ ಅಡಿಗೆ ಅದರ ಮೇಲೇ ನಡೆದಿತ್ತು. ಬೋರವ್ವ ಮಾತ್ರ ಹಟ ಹಿಡಿದು ತನ್ನ ಎರಡು ರೊಟ್ಟಿಯನ್ನು ತಾನೇ ಒಲೆಯ ಮೇಲೆ ಬಡಿದುಕೊಳ್ಳುತ್ತಿದ್ದಳು. ಸೆಗಣಿ ಅವಳಿಗೆ ಹೊಲಸಲ್ಲ. ನೆಲ ಸಾರಿಸಿದವಳು, ಕುಳ್ಳು ತಟ್ಟಿದವಳು. ಕೊಳೆತ ಗಾಳಿಯಲ್ಲಿ ಬೆಂದದ್ದು ಬಾಯಿಗೆ ಹತ್ತುವುದಿಲ್ಲ ಎಂಬುದು ಅವಳ ತಕರಾರು.

ಖಂಡಪ್ಪ ಇಷ್ಟನ್ನೂ ಕೇಳಿಸಿಕೊಂಡು ಬಾವಿಗೆ ಹೋಗಿ ಮೈತೊಳೆದು ಬಂದು ಊಟಕ್ಕೆ ಕೂತ. ರಾಚವ್ವ ಬಿಸಿ ರೊಟ್ಟಿ, ಪುಂಡಿಪಲ್ಲೆ ಹಾಕಿದಳು. ಒಂದು ತುತ್ತು ಮುರಿದವನು ನಿಲ್ಲಿಸಿ ಹೇಳಿದ:

"ಸಿದ್ದ್ಯಾ, ಇವತ್ತಿನ ಹುಣ್ಣಿವಿಯಿಂದ ಉಗಾದಿ ಪಾಡ್ಯದ ಮಟ ನೋಡ್ತೀನಿ. ಎರಡೂ ಹೊತ್ತು ಇಡೀ ಮನಿ ಅಡಗಿ ಇದರ ಮ್ಯಾಲ ಆಗಬೇಕು. ಒಂದ ಹೊತ್ತು ಒಲಿ ಹತ್ತಿತಂದ್ರ, ಅವತ್ತಿಂದ ಒಲಿ ಎರಡು. ಕಾಖಂಡಕಿ ಶಾಂತಪ್ಪ ಗೌಡ್ರಿಗೆ ಹೇಳಿ ಕಳಸ್ತೀನಿ, ಪಾಡ್ಯದ ದಿನ ಬಂದು ಹಂಚಿಕೊಟ್ಟು ಹೋಗಲಿ."

"ಪಾಡ್ಯದ ಮಟ ಹತ್ತಲಿಲ್ಲಂದ್ರ?" ಎಂದ ಸಿದ್ದರಾಯ.

"ಹತ್ತಲಿಲ್ಲಂದ್ರ ಟಗರಿನ ಮಾತು ಎತ್ತಂಗಿಲ್ಲ."

ಶಾಂತಪ್ಪ ಗೌಡರು ಸುತ್ತಲಿನ ಹತ್ತು ಊರಿನಲ್ಲಿ ಮನೆ ಹಂಚುವುದರಲ್ಲಿ ಹೆಸರಾದವರು. ಅವರು ಬಂದರೆ ಒನಕೆಯನ್ನೂ ಎರಡು ತುಂಡು ಮಾಡಿ ನ್ಯಾಯ ಹೇಳುತ್ತಾರೆ ಎಂಬ ಮಾತಿತ್ತು. ಅವರ ಹೆಸರು ಕೇಳಿದ್ದೇ ಬೋರವ್ವನ ಮುಖ ಕಪ್ಪಿಟ್ಟಿತು. ಮಕ್ಕಳಿಬ್ಬರೂ ಒಂದೇ ಸೂರಿನಡಿ ಉಣ್ಣುವುದನ್ನು ನೋಡುತ್ತಲೇ ಕಣ್ಣು ಮುಚ್ಚಬೇಕು ಎಂಬುದು ಅವಳಿಗಿದ್ದ ಒಂದೇ ಆಸೆ. ಅದನ್ನವಳು ದಿನಕ್ಕೊಮ್ಮೆಯಾದರೂ ಬಾಯಿಬಿಟ್ಟು ಹೇಳುತ್ತಿದ್ದಳು. ಆ ಸಂಜೆ ಅವಳು ಒಲೆಯ ಬೂದಿ ಬಳಿದು ತೆಗೆದು, ಸಾರಿಸಿ, ಅದರ ಮೇಲೆ ದೊಡ್ಡ ಬುಟ್ಟಿಯೊಂದನ್ನು ಬೋರಲು ಹಾಕಿದಳು. ಆಮೇಲೆ ಬಂದು ಎಲ್ಲರ ಸಾಲಿನಲ್ಲಿ ಕೂತು, ಗ್ಯಾಸಿನ ಮೇಲೆ ಬೆಂದ ರೊಟ್ಟಿಯನ್ನು ಮೊದಲ ಸಲ ಮುರಿದು ಬಾಯಿಗೆ ಹಾಕಿಕೊಂಡಳು.

"ಹೆಂಗೈತ್ರಿ ಅತ್ತಿ?" ಸತ್ಯವ್ವ ಮೆಲ್ಲಗೆ ಕೇಳಿದಳು.

"ರುಚಿ ಏನಿಲ್ಲ," ಎಂದಳು ಬೋರವ್ವ. "ಆದ್ರ ಒಂದ ಒಲೀದು. ಇನ್ನೊಂದು ಹಾಕು."

ಹದಿನೈದು ದಿನ ಎಂದರೆ ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಮನೆಯಲ್ಲಿ ಹತ್ತು ಜೀವ. ಖಂಡಪ್ಪನ ಮೂರು ಮಕ್ಕಳು, ಸತ್ಯವ್ವನ ಒಂದು ಕೂಸು, ಉಳಿದವರು ದೊಡ್ಡವರು, ಅದರಲ್ಲೂ ಖಂಡಪ್ಪನೊಬ್ಬನದೇ ಹೊತ್ತಿಗೆ ಐದು ರೊಟ್ಟಿ. ದನ ಐದು: ಎರಡು ಎತ್ತು, ಎರಡು ಆಕಳು, ಒಂದು ಎಮ್ಮೆ. ಐದೂ ಹಿತ್ತಲಲ್ಲೇ ನಿಂತು ತಿಂದರೆ ಎರಡು ಹೊತ್ತಿನ ಉರಿಗೆ ಸರಿಯಾಗುವಷ್ಟು ಸೆಗಣಿ. ಒಂದು ದನ ಬೇರೆ ಕಡೆ ಸೆಗಣಿ ಹಾಕಿ ಬಂದಿತೋ, ಸಂಜೆಯ ಬೇಳೆ ಅರ್ಧಕ್ಕೇ ನಿಂತಿತು. ಹೀಗಾಗಿ ದನ ಮೇಯಲು ಹೋದಾಗ ಮಕ್ಕಳು ಬುಟ್ಟಿ ಹಿಡಿದು ಹಿಂದೆ ಓಡುವರು. ಸಿದ್ದರಾಯ ದಿನಾ ಬೆಳಿಗ್ಗೆ ಸೆಗಣಿಗೆ ಸಮ ನೀರು ಹಾಕಿ, ಕಲ್ಲು ಕಸ ಆರಿಸಿ, ಕೈಯಲ್ಲೇ ಹಿಸುಕಿ ಕಲಸಿ ಬಿಡುವನು. ಖಂಡಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತ, ಮಗ್ಗಲು ಮನೆಯವರಿಗೆ ಕೇಳುವಂತೆ, ಕೂಸಿಗೆ ಉಣ್ಣಿಸುವವರಿಗೂ ಇಷ್ಟು ಸಹನೆ ಇರುವುದಿಲ್ಲ ಎನ್ನುವನು.

ಒಳಗಿನ ಸುದ್ದಿ ಬೇರೆ. ಮೊದಲು ರಾಚವ್ವನ ದಿನ ಕುಳ್ಳು ತಟ್ಟುವುದರಲ್ಲಿ ಶುರುವಾಗಿ ಪಾತ್ರೆಯ ಮಸಿ ಉಜ್ಜುವುದರಲ್ಲಿ ಮುಗಿಯುತ್ತಿತ್ತು. ರೊಟ್ಟಿ ಬಡಿಯುವವಳು ಎಲ್ಲರದಾದ ಮೇಲೆ ಒಲೆಯ ಮುಂದೆಯೇ ತಾಟು ಇಟ್ಟುಕೊಂಡು ಉಳಿದದ್ದು ಉಣ್ಣುವುದು ಆ ಮನೆಯ ರೀತಿ. ಈಗ ಒಬ್ಬಳು ಬಡಿದರೆ ಇನ್ನೊಬ್ಬಳು ಬೇಯಿಸುವಳು, ಗಂಡಸರು ಕೈತೊಳೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ನೆಗೆಣ್ಣಿಯರು ಇಬ್ಬರೂ ಪಡಸಾಲೆಗೆ ಬಂದು ಎದುರುಬದುರು ಕೂತು ಉಣ್ಣತೊಡಗಿದರು. ಕೂತು ಉಂಡರೆ ಮಾತು ಬರುತ್ತದೆ, ಮಾತು ಬಂದರೆ ನಗು. ರಾಚವ್ವ ಚುಚ್ಚುವುದನ್ನು ಬಿಟ್ಟಳು ಎನ್ನಲಾರೆ; ಚುಚ್ಚಿದ್ದಕ್ಕೆ ಸತ್ಯವ್ವ ತಿರುಗಿ ಚುಚ್ಚುವುದನ್ನು ಕಲಿತಳು, ಅಷ್ಟೇ. ಮಧ್ಯಾಹ್ನ ರಾಚವ್ವ ಬಾಗಿಲಲ್ಲಿ ಕೂತು ಉಣ್ಣೆ ನೂಲುವಳು. ಇಷ್ಟು ವರ್ಷ ಮನೆಯವರೆಲ್ಲರ ಕಂಬಳಿಗೆ ನೂತವಳು ಈಗ ತನ್ನದೊಂದಕ್ಕೆ ನೂಲು ತೆಗೆಯುತ್ತಿದ್ದಳು.

ಓಣಿಯ ಹೆಂಗಸರು ದಿನವೂ ಒಂದು ನೆಪ ತೆಗೆದು ಬರುತ್ತಿದ್ದರು. ಮಗ್ಗಲು ಮನೆಯ ಹುಸೇನಬಿಯಂತೂ ಹಾಲು ಕಾಯಿಸುವ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಬರುವಳು. ಉರಿ ಹತ್ತಿದ ಕೂಡಲೆ ನೋಡಿ ನೋಡಿ, ಇದಕ್ಕೆ ಊದುವ ಕೆಲಸವೇ ಇಲ್ಲವಲ್ಲ, ನಮ್ಮ ಮನೆಯಲ್ಲಿ ಊದಿ ಊದಿ ನನ್ನ ಹಲ್ಲು ಹೊರಗೆ ಬಂದವು ಎಂದು ನಗಿಸುವಳು. ಗಂಡಸರು ಕಟ್ಟೆಯ ಮೇಲೆ ನಗಾಡಿದರೆ ಹೆಂಗಸರು ಒಳಗೆ ಲೆಕ್ಕ ಹಾಕುತ್ತಿದ್ದರು: ನಮ್ಮಲ್ಲಿ ಎಷ್ಟು ದನ, ಹಿತ್ತಲು ಎಷ್ಟು ಅಗಲ.

ಏಳನೆಯ ದಿನ ಎತ್ತುಗಳು ಜೋಳದ ಚೀಲ ಹೇರಿಕೊಂಡು ವಿಜಾಪುರದ ಪೇಟೆಗೆ ಹೋಗಬೇಕಾಯಿತು. ಸಿದ್ದರಾಯನೇ ಬಂಡಿ ಹೊಡೆದುಕೊಂಡು ಹೋದ. ಎರಡು ದಿನ ಎತ್ತಿಲ್ಲ, ಎತ್ತಿನ ಸೆಗಣಿಯೂ ಇಲ್ಲ. ಆ ಸಂಜೆ ಉರಿ ಬತ್ತಿಯಷ್ಟಾಗಿ, ಅನ್ನ ಅರೆಬೆಂದು ಇಳಿಯಿತು. ಖಂಡಪ್ಪ ಅನ್ನವನ್ನು ಬೆರಳಲ್ಲಿ ಒತ್ತಿ ನೋಡಿ ಏನೂ ಅನ್ನದೆ ಉಂಡ. ಅವನು ಏನಾದರೂ ಅಂದಿದ್ದರೆ ಅಮೋಘಿ ಮುದುಕನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮುದುಕ ವಿಚಾರ ಮಾಡಿದ. ಐವತ್ತು ವರ್ಷ ಕುರಿಯ ಹಿಂದೆ ತಿರುಗಿದವನು. ಕುರಿಯ ಹಿಕ್ಕೆ ಬಿದ್ದ ಹೊಲಕ್ಕೂ ದನದ ಸೆಗಣಿ ಬಿದ್ದ ಹೊಲಕ್ಕೂ ಇರುವ ಫರಕು ಅವನಿಗೆ ಗೊತ್ತಿತ್ತು. ರೈತರು ದುಡ್ಡು, ಜೋಳ ಕೊಟ್ಟು ಕುರಿ ಕರೆಯುವುದು ಸುಮ್ಮನೆಯೇ? ಹೊಲದಲ್ಲಿ ಎರಡು ಪಾಲು ಕಸುವು ಕೊಡುವ ಹಿಕ್ಕೆ ಗುಂಡಿಯಲ್ಲಿ ಎರಡು ಪಾಲು ಗಾಳಿ ಕೊಡಲೇಬೇಕು. ಹಟ್ಟಿಯ ತುಂಬ ಹಿಕ್ಕೆ ಬಿದ್ದಿದೆ, ದನದ ಬಾಲದ ಹಿಂದೆ ಮೊಮ್ಮಕ್ಕಳು ಯಾಕೆ ಓಡಬೇಕು? ಮರುದಿನ ಬೆಳಿಗ್ಗೆ ಎಲ್ಲರೂ ಹೊಲಕ್ಕೆ ಹೋದ ಮೇಲೆ ಬುಟ್ಟಿ ತುಂಬಿ ತುಂಬಿ ತಂದು, ನೀರು ಹುಯ್ದು, ಗುಂಡಿಗೆ ಬಿಟ್ಟ. ಹನ್ನೊಂದು ಬುಟ್ಟಿ. ಮಕ್ಕಳ ಮನೆ ಒಡೆಯದಂತೆ ತಾನೊಬ್ಬನೇ ಒಡ್ಡು ಹಾಕಿದೆ ಎಂಬ ಸಮಾಧಾನದಲ್ಲಿ ಮಧ್ಯಾಹ್ನ ಒಳ್ಳೆ ನಿದ್ದೆ ಮಾಡಿದ.

ಹತ್ತನೆಯ ದಿನ ಬೆಳಿಗ್ಗೆ ಸತ್ಯವ್ವ ಕಡ್ಡಿ ಗೀರಿದಳು. ಒಂದು, ಎರಡು, ಐದು ಕಡ್ಡಿ. ಉರಿಯಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಡ್ರಮ್ಮು ಒಂದು ಕಡೆ ವಾಲಿಕೊಂಡು, ಏಳದೆ ಇಳಿಯದೆ ಗಟ್ಟಿಯಾಗಿ ನಿಂತಿತ್ತು. ಅಂದಿಗೆ ಸಿದ್ದರಾಯ ಬಂದಿದ್ದ. ನಳಿಗೆ ಬಿಚ್ಚಿ ಊದಿದ, ಡ್ರಮ್ಮು ಹಿಡಿದು ತಿರುಗಿಸಲು ನೋಡಿದ. ಅದು ಜಪ್ಪಯ್ಯ ಅನ್ನಲಿಲ್ಲ. ತಾನಿಲ್ಲದಾಗ ಸೆಗಣಿ ಕಲಸಿದವರಾರು ಎಂದು ಕೇಳಿದ. ಸತ್ಯವ್ವ. ನೀರು ಹೆಚ್ಚಾಗಿ ಹಾಕಿರಬೇಕು, ಅದಕ್ಕೇ ಕೆಟ್ಟಿತು ಎಂದು ಸಿಟ್ಟಿನಲ್ಲಿ ಅಂದುಬಿಟ್ಟ. ಪ್ಯಾಟಿಯವರ ಕೈಗೆ ಸೆಗಣಿ ಕೊಟ್ಟರೆ ಇನ್ನೇನಾಗುತ್ತದೆ ಎಂದು ಕಟ್ಟೆಯ ಮೇಲೆ ಕೂತ ಯಾರೋ ಒಗ್ಗರಣೆ ಹಾಕಿದರು. ಸತ್ಯವ್ವ ಕೂಸನ್ನು ಎತ್ತಿಕೊಂಡು ಮೂಲೆಯಲ್ಲಿ ಕೂತು ಅತ್ತಳು.

ಖಂಡಪ್ಪ ಕಂಬಕ್ಕೊರಗಿ ನಿಂತಿದ್ದ. ಹಸಿವಾಗಿತ್ತು ಅವನಿಗೆ.

"ಲೇ ರಾಚಿ, ಒಲಿ ಹಚ್ಚು. ಮಕ್ಕಳು ಹಸಗೊಂಡಾವ."

ರಾಚವ್ವ ಎದ್ದಳು. ಒಲೆಯ ಕಡೆ ಹೋಗಲಿಲ್ಲ. ಅಟ್ಟದ ಮೇಲಿಂದ ಬಿಳಿ ಬಟ್ಟೆಯ ದೊಡ್ಡ ಗಂಟೊಂದನ್ನು ಇಳಿಸಿ ಎಲ್ಲರ ನಡುವೆ ಬಿಚ್ಚಿದಳು. ಖಡಕ್ ರೊಟ್ಟಿ. ಯುಗಾದಿ ಮುಗಿಸಿ ಗಂಡ ಮತ್ತೆ ಕುರಿ ಹೊಡೆದುಕೊಂಡು ಹೋಗುವಾಗ ದಾರಿಗೆಂದು ಈ ಹತ್ತು ದಿನದಲ್ಲಿ ಬಡಿದು ಒಣಗಿಸಿಟ್ಟದ್ದು. ಮೇಲೆ ಶೇಂಗಾ ಹಿಂಡಿ ಉದುರಿಸಿ, ಮೊಸರು ಹಾಕಿ, ಉಳ್ಳಾಗಡ್ಡಿ ಗುದ್ದಿ ಒಬ್ಬೊಬ್ಬರ ಮುಂದೆ ಇಟ್ಟಳು.

"ಇದೇನು?" ಎಂದ ಖಂಡಪ್ಪ.

"ಊಟ."

"ನಾಕು ತಿಂಗಳ ಇದನ್ನ ಕಡದು ಬಂದೀನಿ ನಾ. ಬಿಸಿ ರೊಟ್ಟಿ ಮಾಡು ಅಂದ್ರ..."

"ಮಾಡಂಗಿಲ್ರಿ," ಎಂದಳು ರಾಚವ್ವ. ಅವಳು ಗಂಡನಿಗೆ ಎದುರಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ನೀವು ವರ್ಷದಾಗ ಎಂಟ ತಿಂಗಳ ಬಯಲಾಗ ಇರ್ತೀರಿ. ನಾ ಹದಿನಾಕು ವರ್ಷ ಆ ಮೂಲ್ಯಾಗ ಕುಂತೀನಿ. ಈ ಒಂದ ತಿಂಗಳ ಮನಿ ಮಂದಿ ಜೋಡಿ ಕುಂತು ಉಂಡೀನಿ, ನನಗ ಬಾಳ ಹಿತ ಆಗೇತಿ. ಮನಿ ಒಡೀಬೇಕಂದ್ರ ನೀವ ಒಡೀರಿ. ನನ್ನ ಕೈಲೆ ಒಲಿ ಹಚ್ಚಿಸಿ ಒಡೀಬ್ಯಾಡ್ರಿ."

ಬೋರವ್ವ ಸೊಸೆಯ ಮುಖವನ್ನೇ ನೋಡಿದಳು, ಮದುವೆಯಾಗಿ ಇವತ್ತೇ ಮನೆಗೆ ಬಂದವಳನ್ನು ನೋಡಿದ ಹಾಗೆ. ಆಮೇಲೆ ಎಲ್ಲರೂ ರೊಟ್ಟಿ ಮುರಿದರು. ಮನೆ ಮಂದಿಯೆಲ್ಲ ಒಟ್ಟಿಗೇ ಖಡಕ್ ರೊಟ್ಟಿ ಕಡಿದರೆ ಎಂಥ ಸಪ್ಪಳವಾಗುತ್ತದೆ ಎಂಬುದು ಕೇಳಿದವರಿಗೇ ಗೊತ್ತು.

ಮಾತಿನಂತೆ ಒಲೆ ಹತ್ತಲಿಲ್ಲ. ಸಂಜೆಯೂ ಅದೇ ಊಟ, ಮರುದಿನವೂ ಅದೇ. ಹುಸೇನಬಿ ಎರಡು ಹೊತ್ತು ಚಹದ ಕಿಟಲಿ ತಂದಿಟ್ಟು, ಕೂಸಿನ ಹಾಲನ್ನು ತಾನೇ ಕಾಯಿಸಿ ಕೊಟ್ಟಳು. ಮಗ್ಗಲು ಮನೆಯ ಒಲೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಓಣಿಯಲ್ಲಿ ಚರ್ಚೆಯಾಯಿತು. ಬರುವುದಿಲ್ಲ ಎಂದು ಹೆಂಗಸರೇ ತೀರ್ಮಾನ ಕೊಟ್ಟರು.

ಮೂರನೆಯ ಹೊತ್ತಿನ ಊಟಕ್ಕೆ ಕೂತಾಗ ಸತ್ಯವ್ವ ಉಣ್ಣಲು ಬರಲಿಲ್ಲ. ತನ್ನ ಕೈಯಿಂದಲೇ ಮನೆ ಕೆಟ್ಟಿತು, ತವರಿಗೆ ಕಳಿಸಿಬಿಡಿ ಎನ್ನುತ್ತಿದ್ದಳು. ಅಮೋಘಿ ಮುದುಕ ಮಜ್ಜಿಗೆಯಲ್ಲಿ ರೊಟ್ಟಿ ನೆನೆಹಾಕಿ ಕೂತಿದ್ದ. ನೆನೆದು ಮೆತ್ತಗಾದರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ತಾಟು ಸರಿಸಿದ.

"ಆ ಕೂಸಿನ ತಪ್ಪಲ್ಲಪಾ," ಎಂದ. "ನಾ ಹಾಕೀನಿ. ಹನ್ನೊಂದು ಬುಟ್ಟಿ ಹಿಕ್ಕಿ."

ಸಿದ್ದರಾಯ ತುತ್ತು ಕೈಯಲ್ಲೇ ಹಿಡಿದು ಕೂತ. ಖಂಡಪ್ಪ ಅಪ್ಪನ ಕಡೆ ತಿರುಗಿದ.

"ಹಿಕ್ಕಿ? ಹಿಂಡಲಾರ್ದ, ನೆನಿಹಾಕಲಾರ್ದ?"

"ಹೊಲಕ್ಕ ಅಷ್ಟು ಕಸುವು ಅಂದ ಮ್ಯಾಲ..."

"ಹಿಕ್ಕಿ ಹೊಲಕ್ಕ ಬಂಗಾರ, ಯಪ್ಪಾ. ನೀರಿಗೆ ಬೆಂಡು. ಹಳ್ಳದಾಗ ಕುರಿ ಮೈ ತೊಳಿಯೂವಾಗ ನೋಡಿಲ್ಲೇನು, ಎಲ್ಲಾ ಮ್ಯಾಲ ತೇಲಿ ಹೋಗ್ತಾವಲ್ಲ. ಈಗ ಗುಂಡಿ ಬಾಯಿಗೆ ಕಂಬಳಿ ಹೊಚ್ಚಿದಂಗ ಕುಂತಿರ್ತಾವ, ಗಾಳಿ ಎಲ್ಲಿಂದ ಏಳಬೇಕು? ಐವತ್ತು ವರ್ಷ ಕುರಿ ಕಾದಿ ನೀ."

"ನೀವಿಬ್ಬರೂ ಬ್ಯಾರೆ ಆಗ್ತೀರಂತ ಅಂಜಿಕಿ ಬಂದಿತ್ತೋ ಖಂಡ್ಯಾ," ಎಂದು ಮುದುಕ ಎಲ್ಲರ ಮುಂದೆ ಅತ್ತ. "ಅಂಜಿಕ್ಯಾಗ ಬುದ್ಧಿ ಓಡಲಿಲ್ಲ."

ಅಪ್ಪ ಅಳುವುದನ್ನು ಖಂಡಪ್ಪ ಅದುವರೆಗೆ ನೋಡಿರಲಿಲ್ಲ. ಅವನಿಗೆ ನೋಡಲಾಗಲಿಲ್ಲ. ಎದ್ದು ಹೋಗಿ ಸತ್ಯವ್ವನ ಬಾಗಿಲ ಹೊರಗೆ ನಿಂತು, ಉಣ್ಣಲು ಬಾ ತಂಗಿ, ನಿನ್ನದೇನೂ ತಪ್ಪಿಲ್ಲ ಎಂದು ಕರೆದ. ಆಮೇಲೆ ತಮ್ಮನಿಗೆ, ಆ ಡ್ರಮ್ಮು ಎತ್ತುವುದಕ್ಕೆ ಎಷ್ಟು ಜನ ಬೇಕು ಎಂದು ಕೇಳಿದ.

ಹತ್ತು ಜನ ಬೇಕಿತ್ತು. ಮನೆಯಲ್ಲಿದ್ದದ್ದು ಎರಡೂವರೆ ಜನ. ಒಂದು ತಿಂಗಳು ಕಟ್ಟೆಯ ಮೇಲೆ ಕೂತು ನಗಾಡಿದವರನ್ನು ಕರೆಯಲು ಖಂಡಪ್ಪನಿಗೆ ಮುಖವಿರಲಿಲ್ಲ, ನಗಾಡಿದವರಲ್ಲಿ ಅವನೇ ಮೊದಲಿಗ. ಆದರೆ ಕರೆಯುವ ಕೆಲಸವೇ ಬೀಳಲಿಲ್ಲ. ಹೆಂಗಸರು ಅಡಿಗೆಮನೆಯಿಂದ ಅಡಿಗೆಮನೆಗೆ ಸುದ್ದಿ ದಾಟಿಸಿದ್ದರು. ಮರುದಿನ ಬಿಸಿಲೇರುವ ಮೊದಲೇ ಹುಸೇನಬಿಯ ಇಬ್ಬರು ಮಕ್ಕಳು ಹಗ್ಗ ಹಿಡಿದು ಬಂದರು. ಹಿಂದೆಯೇ ಓಣಿಯ ಏಳೆಂಟು ಗಂಡಸರು, ಒಬ್ಬೊಬ್ಬರದೂ ಹೆಂಡತಿ ಬೈದು ಎಬ್ಬಿಸಿದ ಮುಖ. ಬೊಂಬು ಕಟ್ಟಿ, ಹಗ್ಗ ಬಿಗಿದು, ಹೋ ಎಂದು ಒಂದೇ ದನಿಯಲ್ಲಿ ಎಳೆದು ಡ್ರಮ್ಮನ್ನು ಪಕ್ಕಕ್ಕಿಳಿಸಿದರು. ಖಂಡಪ್ಪ ಹೇಳಿದ ಹಾಗೇ ಇತ್ತು; ಗೇಣು ದಪ್ಪದ ಹೆಪ್ಪು, ಮೇಲೆ ಕೋಳಿ ಬಿಟ್ಟರೆ ಓಡಾಡುವಷ್ಟು ಗಟ್ಟಿ. ದಣಿವಾರಿಸಿಕೊಳ್ಳಲೆಂದು ಅವನು ಕಿವಿಯ ಸಂದಿನ ಬೀಡಿ ತೆಗೆದ. ಸಿದ್ದರಾಯ ಹಾರಿಬಂದು ಕಡ್ಡಿಪೆಟ್ಟಿಗೆ ಕಸಿದುಕೊಂಡ. ಇಲ್ಲಿ ಬೀಡಿ ಹಚ್ಚಿದರೆ ಹಂಚಿಕೊಳ್ಳಲು ಇಬ್ಬರೂ ಇರುವುದಿಲ್ಲ ಎಂದು ಹೇಳಿದ. ಎಲ್ಲರೂ ನಕ್ಕರು, ಖಂಡಪ್ಪನೂ ನಕ್ಕ.

ಉದ್ದ ಕೋಲಿಗೆ ಕುಡಗೋಲು ಕಟ್ಟಿಕೊಂಡು ಅಣ್ಣ ತಮ್ಮ ಇಬ್ಬರೂ ಗುಂಡಿಯ ದಂಡೆಯಲ್ಲಿ ನಿಂತು ಹೆಪ್ಪು ಕೊಯ್ದು ಕೊಯ್ದು ಎಳೆದರು. ಅರ್ಧ ಕೆಲಸವಾದ ಮೇಲೆ ಸಿದ್ದರಾಯ ತಲೆಯೆತ್ತದೆ ಹೇಳಿದ:

"ಅಣ್ಣಾ, ಟಗರು ಮಾರೂ ಮುಂದ ನಿನಗ ಒಂದ ಕಾರ್ಡ ಹಾಕಬೇಕಿತ್ತು. ತಪ್ಪಾತು."

"ಎಲ್ಲಿಗೆ ಹಾಕತಿದ್ದಿ? ನಾ ಎಲ್ಲಿ ಇದ್ದೆ ಅಂತ ನನಗ ಗೊತ್ತಿರಲಿಲ್ಲ." ಖಂಡಪ್ಪ ಸ್ವಲ್ಪ ಹೊತ್ತು ಕೋಲು ಎಳೆದ. "ಆದ್ರೂ ಕೇಳಬೇಕಿತ್ತಲೇ. ಮನಸಿಗೆ ಬಾಳ ಹತ್ತಿತು ನನಗ."

ಅಷ್ಟೇ ಮಾತು. ಸಂಜೆಯ ಹೊತ್ತಿಗೆ ಗುಂಡಿ ತಿಳಿಯಾಗಿ, ಡ್ರಮ್ಮು ಮತ್ತೆ ಕೂತಿತು. ಮರುದಿನ ಅದು ನಾಲ್ಕು ಬೆರಳು ಎದ್ದಿತು. ಅದರ ಮರುದಿನ ಮಧ್ಯಾಹ್ನ ಸತ್ಯವ್ವ ಕಡ್ಡಿ ಗೀರಿದಾಗ ಬುಸ್ ಎಂದು ನೀಲಿ ಉರಿ ಹತ್ತಿತು. ಅವಳು ಅಕ್ಕಾ ಎಂದು ಕೂಗಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿತಂತೆ. ರಾಚವ್ವ ಬಡಿದ ಮೊದಲ ಬಿಸಿ ರೊಟ್ಟಿ ಖಂಡಪ್ಪನ ತಾಟಿಗೆ ಬಿತ್ತು. ಅವನು ಏಳು ರೊಟ್ಟಿ ತಿಂದ.

ಯುಗಾದಿ ಪಾಡ್ಯದ ದಿನ ಹನ್ನೊಂದರ ಬಸ್ಸಿಗೆ ಶಾಂತಪ್ಪ ಗೌಡರು ಬಂದರು. ಬರಬ್ಯಾಡ್ರಿ ಎಂದು ಹೇಳಿ ಕಳಿಸುವುದನ್ನು ಗದ್ದಲದಲ್ಲಿ ಎಲ್ಲರೂ ಮರೆತಿದ್ದರು. ಬಿಳಿ ರುಮಾಲು, ಕೈಯಲ್ಲಿ ಕೋಲು, ನ್ಯಾಯ ಹೇಳಲು ಬಂದವರ ಗತ್ತು. ಬೇವು ಬೆಲ್ಲ ತಿಂದು, ಕಂಬಳಿಯ ಮೇಲೆ ಕೂತು ನೇರ ವಿಷಯಕ್ಕೆ ಬಂದರು. ಮಾತು ಏನಿತ್ತು, ಏನು ನಡೆಯಿತು ಎಂದು ಕೇಳಿ, ಒಲೆ ಹತ್ತಲಿಲ್ಲ ಸರಿ, ಗ್ಯಾಸೂ ನಾಲ್ಕು ದಿನ ನಿಂತಿತ್ತಲ್ಲ, ಎರಡೂ ಹೊತ್ತು ಅದರ ಮೇಲೆ ಅಡಿಗೆ ಆಗಬೇಕು ಎಂಬುದೂ ಮಾತೇ ಅಲ್ಲವೇ ಎಂದು ಎಳೆ ಹಿಡಿದರು. ಬೋರವ್ವ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹದಿನೈದು ದಿನ ಕಾದದ್ದು ಈ ಒಂದು ಎಳೆಯ ಮೇಲೆ ಹೋಗಿಬಿಡಬಹುದಿತ್ತು.

ಖಂಡಪ್ಪ ಎದ್ದು ನಿಂತ.

"ಹಿತ್ತಲಕ ಬರ್ರಿ ಗೌಡ್ರ," ಎಂದ. ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋಗಿ ಅದರ ನೆತ್ತಿಯ ಮೇಲೆ ಕೈಯಿಟ್ಟ. "ಹೊಲ ಹಂಚಬಹುದು, ಕುರಿ ಹಂಚಬಹುದು. ಇದನ್ನ ಹೆಂಗ ಹಂಚತೀರಿ ಹೇಳ್ರಿ. ಐದು ದನ ಕೂಡಿದ್ರ ಇದು ಏಳತೈತಿ. ಅವಗ ಮೂರು, ನನಗ ಎರಡು ಅಂತ ಮಾಡಿದ್ರ ಇಬ್ಬರ ಮನ್ಯಾಗೂ ಹೊಗಿನ. ನನಗ ಬ್ಯಾರೆ ಒಲಿ ಬ್ಯಾಡ. ನಾನ ಕರಿಸೀನಿ, ನಾನ ಬ್ಯಾಡ ಅಂತೀನಿ."

ಬಂದವರಿಗೆ ಊಟ ಹಾಕದೆ ಕಳಿಸುವ ಮನೆಯಲ್ಲ ಅದು. ಹೋಳಿಗೆ, ಹಾಲು, ತುಪ್ಪ ಬಡಿಸಿದರು. ಗೌಡರು ಉಂಡರು. ಉಂಡು ಕೈತೊಳೆದವರು ಕಟ್ಟೆಗೆ ಹೋಗದೆ ಅಡಿಗೆಮನೆಯ ಬಾಗಿಲಿಗೆ ಬಂದು, ಒಂದು ಸಲ ಉರಿ ಹಚ್ಚಿ ತೋರಿಸು ತಂಗಿ ಎಂದು ಕೇಳಿದರು. ಸತ್ಯವ್ವ ಹಚ್ಚಿದಳು. ಅದರ ಮುಂದೆ ಸುಮಾರು ಹೊತ್ತು ನಿಂತರು.

"ಆರು ದನ ಇದ್ರ ಎಷ್ಟ ಮಂದಿಗೆ ಆಗ್ತೈತಿ?"

"ಹನ್ನೊಂದು ಹನ್ನೆರಡು ಮಂದಿಗೆ ಜಗ್ಗತೈತ್ರಿ," ಎಂದ ಸಿದ್ದರಾಯ. "ಯಾರ ಮನ್ಯಾಗ್ರೀ?"

"ನಮ್ಮ ಮನ್ಯಾಗ." ಗೌಡರು ರುಮಾಲು ಸರಿಮಾಡಿಕೊಂಡರು. "ಮೂರು ಮಕ್ಕಳು, ಮೂರು ಒಲಿ. ನಡುವ ಎರಡು ಗ್ವಾಡಿ. ಯಾರೋ ಬಂದು ಮಾಡಿದ್ದಲ್ಲ, ನಾನ ಕುಂತು ಹಂಚಿಕೊಟ್ಟೀನಿ. ಒಬ್ಬೊಬ್ಬನ ಕಡೆ ಎರಡೆರಡು ದನ ಅದಾವ. ಸೊಸ್ತೇರು ಮೂರೂ ಮಂದಿ ಕೆಮ್ಮತಾರ, ರಾತ್ರಿ ಮೂರು ಕಡಿಂದ ಕೇಳಸ್ತೈತಿ ನನಗ. ಸಂಜಿ ಬಸ್ಸಿಗೆ ಹೋಗಿ ಮೂವರನ್ನೂ ಒಂದ ಕಡೆ ಕುಂಡ್ರಸ್ತೀನಿ. ಕೂಡತಾರೋ ಇಲ್ಲೋ ದೇವರಿಗೆ ಗೊತ್ತು. ನಾ ಹೇಳಿದ್ರ ನಂಬಂಗಿಲ್ಲ, ಒಡದವನು ನಾನ ಅಲ್ಲೇನು."

"ನಾ ಬರ್ತೀನಿ ನಡೀರಿ," ಎಂದ ಖಂಡಪ್ಪ. "ನಾ ಹೇಳ್ತೀನಿ ಅವರಿಗೆ. ಕೆಡೂದು ಹೆಂಗ, ಮಾಡೂದು ಹೆಂಗ, ಎರಡೂ ಗೊತ್ತಾಗ್ಯಾವ ನನಗ."

ಬಸ್ಸಿಗೆ ಹೊತ್ತಾಗಿತ್ತು. ಬೋರವ್ವ ಗಡಬಡಿಸಿ ಒಳಗೆ ಹೋಗಿ ಉಳಿದ ಹೋಳಿಗೆಗಳನ್ನೆಲ್ಲ ತೆಗೆದಳು. ಗೌಡರ ಮೂರು ಸೊಸೆಯಂದಿರಿಗೆ ಎಂದು ಎಣಿಸಿ ಇಡತೊಡಗಿದ ರಾಚವ್ವ, ಮೂರು ಗಂಟು ಕಟ್ಟಲೇ ಎಂದು ಅತ್ತೆಯನ್ನು ಕೇಳಿದಳು.

"ಒಂದ ಕಟ್ಟವ್ವಾ," ಎಂದಳು ಬೋರವ್ವ. "ಯಾರ ಬಿಚ್ಚಬೇಕು ಅನ್ನೂದು ಅವರವರ ಕುಂತು ಮಾತಾಡಲಿ."